ಕ್ಯಾಲ್ಸಿಯಂ ಕುಡಿಸಿದರೆ ಮೇಕೆ ಜಾಸ್ತಿ ಹಾಲು ಕೊಡುತ್ತದಾ?

ಪ್ರಶ್ನೆ: ನಮ್ಮ ಮೇಕೆ ಮರಿ ಹಾಕಿ ಎರಡು ತಿಂಗಳಾಯ್ತು. ಹಾಲು ಕಡಿಮೆ. ಯಾವ ಕ್ಯಾಲ್ಸಿಯಂ ಟಾನಿಕ್ ಕೊಟ್ಟರೆ ಜಾಸ್ತಿ ಆಗುತ್ತೆ ಸರ್?

ಯಾವುದೂ ಇಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಬಾಟಲಿ ಹೆಸರು ಕೇಳುವುದು ನಿಂತಿಲ್ಲ. ಅದಕ್ಕೇ ಇವತ್ತು ಬಿಡಿಸಿ ಹೇಳುತ್ತೇನೆ, ಪೂರ್ತಿ ಓದಿ.

ಹಾಲಲ್ಲಿ ಕ್ಯಾಲ್ಸಿಯಂ ಇದೆ, ಹಾಗಾಗಿ ಕ್ಯಾಲ್ಸಿಯಂ ಕುಡಿಸಿದರೆ ಹಾಲು ಬರುತ್ತದೆ ಅನ್ನುವುದು ಕೇಳಲಿಕ್ಕೆ ಸರಿಯಾಗೇ ಇದೆ. ಆದರೆ ಒಂದು ಲೀಟರ್ ಮೇಕೆ ಹಾಲಲ್ಲಿ ಇರುವುದೇ ಸುಮಾರು 1.3 ಗ್ರಾಂ. ನೀವು ಎಷ್ಟು ಸುರಿದರೂ ಅದು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಮೇವಲ್ಲಿ ಸಾಲದಿದ್ದರೆ ಮೇಕೆ ತನ್ನ ಮೂಳೆಯಿಂದ ತೆಗೆದು ಹಾಲಿಗೆ ಕೊಡುತ್ತದೆ, ಜಾಸ್ತಿ ಕುಡಿಸಿದರೆ ಮಿಕ್ಕಿದ್ದು ಬಹುಪಾಲು ಹಿಕ್ಕೆಯಲ್ಲಿ ಹೋಗುತ್ತದೆ.

ಹಾಲು ಎಷ್ಟು ಬರಬೇಕು ಅನ್ನುವುದು ಮುಖ್ಯವಾಗಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆಯ ಕೈಯಲ್ಲಿದೆ. ಕೆಚ್ಚಲಲ್ಲಿ ಅದು ಎಷ್ಟು ತಯಾರಾಗುತ್ತದೋ ಅದಕ್ಕೆ ತಕ್ಕಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಹಾಲಲ್ಲಿ ಶೇಕಡಾ 87ರಷ್ಟು ನೀರೇ ಅಲ್ವಾ? ಲ್ಯಾಕ್ಟೋಸ್ ಆಗಲು ಗ್ಲೂಕೋಸ್ ಬೇಕು. ಮೇಕೆಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಕಾಳು, ಮೇವನ್ನು ಕೊಳೆಸಿ ಪ್ರೊಪಿಯೋನೇಟ್ ಅನ್ನುವ ಒಂದು ಬಗೆಯ ಆಮ್ಲ ಮಾಡುತ್ತವೆ, ಲಿವರ್ ಅದರಿಂದ ಗ್ಲೂಕೋಸ್ ಮಾಡುತ್ತದೆ. ಈ ದಾರಿಯಲ್ಲಿ ಕ್ಯಾಲ್ಸಿಯಂ ಬಾಟಲಿಗೆ ಎಲ್ಲೂ ಜಾಗ ಇಲ್ಲ.

ಒಂದು ಸಂದರ್ಭ ಮಾತ್ರ ಬೇರೆ. ಮರಿ ಹಾಕುವ ಆಸುಪಾಸಿನಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಮೇಕೆ ತೂರಾಡಿ ನೆಲ ಹಿಡಿದರೆ ಆಗ ಕ್ಯಾಲ್ಸಿಯಂ ಜೀವ ಉಳಿಸುವ ಔಷಧಿ. ತಕ್ಷಣ ಪಶುವೈದ್ಯರನ್ನು ಕರೆಸಿ. ಹೀಗೆ ಎದ್ದು ನಿಂತ ಮೇಕೆ ಮತ್ತೆ ಹಾಲು ಕೊಡುವುದನ್ನು ನೋಡಿಯೇ ಈ ನಂಬಿಕೆ ಬೇರು ಬಿಟ್ಟಿರಬೇಕು ಅನ್ನಿಸುತ್ತದೆ.

ಹಾಗಾದರೆ ಏನು ಕೊಡಬೇಕು? ಶಕ್ತಿಗೆ ಕಾಳು, ಪ್ರೋಟೀನಿಗೆ ಹಿಂಡಿ, ಯಾವಾಗಲೂ ಶುದ್ಧ ನೀರು. ಕಾಳನ್ನು ಏಕಾಏಕಿ ಏರಿಸಿದರೆ ಹೊಟ್ಟೆ ಹುಳಿಯಾಗುತ್ತದೆ, ನಾರಿನ ಮೇವು ಕಡಿಮೆಯಾದರೆ ಹಾಲಿನ ಕೊಬ್ಬೂ ಇಳಿಯುತ್ತದೆ. ಮೇವಿಗೆ ಸ್ವಲ್ಪ ಎಣ್ಣೆ ಸೇರಿಸಿದರೆ ಮೇಕೆ ಹಾಲಲ್ಲಿ ಸಾಮಾನ್ಯವಾಗಿ ಕೊಬ್ಬು ಏರುತ್ತದೆ, ಹಸುವಿನಲ್ಲಿ ಎಷ್ಟೋ ಸಲ ಇಳಿಯುತ್ತದೆ. ಆದರೆ ಎಣ್ಣೆ ಜಾಸ್ತಿಯಾದರೆ ನಾರು ಜೀರ್ಣವಾಗುವುದಿಲ್ಲ. ಖನಿಜ ಮಿಶ್ರಣ ಬೇಕೇ ಬೇಕು, ಆದರೆ ಮೇಕೆಯದ್ದೇ ತನ್ನಿ. ಕುರಿಯ ಮಿಶ್ರಣದಲ್ಲಿ ತಾಮ್ರ ಮೇಕೆಗೆ ಸಾಲದು, ಮೇಕೆಯದ್ದನ್ನು ಕುರಿಗೆ ಹಾಕಿದರೆ ವಿಷವಾಗಬಹುದು.

ಇನ್ನೊಂದು. ಎರಡು ತಿಂಗಳಾಯ್ತು ಅಂದಿದ್ದೀರಿ. ಮೇಕೆ ಹಾಲು ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಗರಿಷ್ಠ ಮುಟ್ಟಿ, ಆಮೇಲೆ ತಾನಾಗಿ ನಿಧಾನಕ್ಕೆ ಇಳಿಯುತ್ತದೆ. ಇಷ್ಟು ದಿನ ಬಂದದ್ದನ್ನು ಅಳೆದು ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ಇವತ್ತಿಂದಲೇ ಶುರು ಮಾಡಿ.

ಹಸಿರು ಮೇವು, ಕ್ಯಾರೆಟ್ ಎಷ್ಟು ತಿನ್ನಿಸಿದರೂ ಹಾಲು ಹಳದಿಯಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮೇವಿನಲ್ಲಿರುವ ಕ್ಯಾರೋಟೀನ್ ಅನ್ನುವ ಹಳದಿ ಬಣ್ಣದ ಅಂಶವನ್ನು ಹಸು ಒಂದಷ್ಟು ಹಾಗೇ ಹಾಲಿಗೆ ಬಿಡುತ್ತದೆ. ಮೇಕೆ ಹೆಚ್ಚುಕಮ್ಮಿ ಎಲ್ಲವನ್ನೂ ಎ ವಿಟಮಿನ್ ಮಾಡಿಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ. ಮೇಕೆ ಹಾಲಿನ ಬೆಣ್ಣೆಯೂ ಬೆಳ್ಳಗೇ ಇರುತ್ತದೆ.