ಶಿಲಾತೋರಣಕ್ಕೆ ಒಂದೇ ದಿನದಲ್ಲಿ ನಡೆದು ಹೋಗಿ ಬರಬಹುದೇ?

ಪ್ರಶ್ನೆ: ಯುಗಾದಿ ರಜೆಯಲ್ಲಿ ಪಲಮನೇರಿನಿಂದ ಹೊರಟು, ಮೆಟ್ಟಿಲು ಹತ್ತಿ, ತಿರುಮಲೆಯ ಶಿಲಾತೋರಣ (ತಾನಾಗಿ ಆದ ಕಲ್ಲಿನ ಕಮಾನು) ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರಬಹುದೇ?

ಸೇರಬಹುದು, ದರ್ಶನದ ಸಾಲನ್ನು ಅದೇ ದಿನಕ್ಕೆ ಗಂಟು ಹಾಕದಿದ್ದರೆ. ಸಾಲಿನಲ್ಲಿ ನಿಂತವರ ಹೊತ್ತು ಅವರ ಕೈಯಲ್ಲಿರುವುದಿಲ್ಲ.

ಚಿತ್ತೂರಿನ ಕಡೆಯಿಂದ ಬರುವವರಿಗೆ ಶ್ರೀವಾರಿ ಮೆಟ್ಟು ಎಂಬ ಮೆಟ್ಟಿಲು ದಾರಿ ಅನುಕೂಲ. ಚಂದ್ರಗಿರಿಯಲ್ಲಿ ಇಳಿದು, ಶ್ರೀನಿವಾಸ ಮಂಗಾಪುರದ ಮೇಲೆ ಆಟೋದಲ್ಲಿ ಹೋದರೆ ಬೆಟ್ಟದ ಬುಡ. ಅಲ್ಲಿಂದ 2,388 ಮೆಟ್ಟಿಲು, ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರ. ಇನ್ನೊಂದು ಮೆಟ್ಟಿಲು ದಾರಿ ಅಲಿಪಿರಿಯಲ್ಲಿ 3,550 ಮೆಟ್ಟಿಲು, ಸುಮಾರು ಒಂಬತ್ತು ಕಿಲೋಮೀಟರು. ಅಂಕಿ ನೋಡಿ ಮೊದಲನೆಯದು ಸಲೀಸು ಎಂದುಕೊಳ್ಳಬೇಡಿ. ಅಲಿಪಿರಿಯಲ್ಲಿ ಗಾಳಿಗೋಪುರ ದಾಟಿದರೆ ಉಸಿರಾಡಲು ಸಮತಟ್ಟು ಸಿಗುತ್ತದೆ, ದಾಸರ ಪದ ಹಾಡುತ್ತ ಹತ್ತುವ ನಮ್ಮ ಕಡೆಯ ಭಜನೆಯವರೂ ಸಿಗುತ್ತಾರೆ. ಶ್ರೀವಾರಿ ಮೆಟ್ಟಿನದು ಬರೀ ಏರು. ಮಕ್ಕಳಿದ್ದರೆ ಹೊರಡುವ ಮೊದಲು ಅಂದಿನ ನಿಯಮ ವಿಚಾರಿಸಿ: 2023ರಲ್ಲಿ ಅಲಿಪಿರಿ ದಾರಿಯಲ್ಲಿ ಚಿರತೆ ಒಂದು ಮಗುವನ್ನು ಕೊಂದ ಮೇಲೆ ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ಕಟ್ಟುಪಾಡು ಬಂತು.

ತೋರಣ ಇರುವುದು ದೇವಸ್ಥಾನದಿಂದ ಸುಮಾರು ಒಂದು ಕಿಲೋಮೀಟರು ಉತ್ತರಕ್ಕೆ, ಚಕ್ರತೀರ್ಥದ ಹತ್ತಿರ. ಮೊದಲ ನೋಟಕ್ಕೆ 'ಇಷ್ಟೇನಾ?' ಅನ್ನಿಸಿದರೆ ತಪ್ಪಿಲ್ಲ. ಅಗಲ ಎಂಟು ಮೀಟರು, ಎತ್ತರ ಮೂರು ಮೀಟರಿನಷ್ಟು, ಸುತ್ತ ಬೇಲಿ. ನನಗೂ ಹಾಗೇ ಅನ್ನಿಸಿತ್ತು. ಸ್ವಲ್ಪ ಹೊತ್ತು ನಿಲ್ಲಿ. ಎರಡು ಬಂಡೆಗಳು ಬೇರೆ ಬೇರೆ ನಿಂತಿವೆ, ನೆತ್ತಿಯ ಮೇಲೆ ಒಂದು ತೆಳ್ಳನೆಯ ಕೊಂಡಿ ಮಾತ್ರ ಅವನ್ನು ಹಿಡಿದುಕೊಂಡಿದೆ.

ಕೆತ್ತಿದವರು ಯಾರೂ ಇಲ್ಲ. ಇದು ಕ್ವಾರ್ಟ್ಸೈಟ್, ಅಂದರೆ ಹಳೆಯ ಮರಳು ಪದರ ಪದರವಾಗಿ ಕೂತು, ಒತ್ತಡಕ್ಕೆ ಬೆಸೆದುಕೊಂಡು ಗಟ್ಟಿಯಾದ ಕಲ್ಲು. ಮಳೆ, ಗಾಳಿ, ಬಿಸಿಲು ಮೆತ್ತಗಿನ ಭಾಗವನ್ನೂ ಬಿರುಕುಗಳನ್ನೂ ತಿಂದುಹಾಕಿದವು; ಗಟ್ಟಿಯಾದದ್ದು ಉಳಿಯಿತು. 'ತೋರಣಕ್ಕೆ 150 ಕೋಟಿ ವರ್ಷ' ಎಂದು ಹೇಳುವವರನ್ನು ಮಾತ್ರ ನಂಬಬೇಡಿ. ಆ ವಯಸ್ಸು ಕಲ್ಲಿನದು. ತೂತು ಬಿದ್ದದ್ದು ಎಷ್ಟೋ ಈಚೆಗೆ. ಮನೆಯ ಹಳೆಯ ತೊಲೆಗೂ ಅದರಲ್ಲಿ ಗೆದ್ದಲು ಕೊರೆದ ಕಂಡಿಗೂ ಒಂದೇ ವಯಸ್ಸು ಹೇಳಿದ ಹಾಗಾಗುತ್ತದೆ. ಸ್ವಾಮಿಯ ಎರಡನೆಯ ಹೆಜ್ಜೆ ಇಲ್ಲಿ ಬಿತ್ತು ಎಂಬುದು ಭಕ್ತರ ನಂಬಿಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೇಲಿಯ ಬಳಿ ಕೈಮುಗಿಯುವವರೂ ಫೋಟೊ ತೆಗೆಯುವವರೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುತ್ತಾರೆ.

ಬೆಳಗಿನ ತಂಪಿಗೇ ಹತ್ತಿಬಿಡಿ. ಮೇಲೆ ಸುಮಾರು 850 ಮೀಟರ್ ಎತ್ತರವಿದ್ದರೂ ಚೈತ್ರದ ಬಿಸಿಲು ಬಿಸಿಲೇ. ಚಪ್ಪಲಿ ಬಿಟ್ಟು ಹತ್ತುವುದು ವಾಡಿಕೆ. ನಾನೊಮ್ಮೆ ಮಧ್ಯಾಹ್ನ ಒಂದು ಗಂಟೆಗೆ ಬರಿಗಾಲಲ್ಲಿ ತೋರಣದ ಮುಂದೆ ನಿಂತು, ನಿಲ್ಲಲಾರದೆ ಕುಣಿದದ್ದುಂಟು.

ಇಳಿಯುವುದಕ್ಕೆ ಬಸ್ಸು ಹಿಡಿಯಿರಿ, ಮೊಣಕಾಲಿಗಾಗಿ ಮಾತ್ರವಲ್ಲ. ಘಾಟ್ ರಸ್ತೆಯ ಇಳಿಜಾರಿನಲ್ಲಿ ಮೇಲೆ ಪದರ ಪದರದ ಕ್ವಾರ್ಟ್ಸೈಟ್ ಗೋಡೆ, ಅದರಡಿ ಇನ್ನೂ ಹಳೆಯ ಗ್ರಾನೈಟ್. ಎರಡೂ ಕೂಡುವ ಗೆರೆಯಲ್ಲಿ ಹತ್ತಾರು ಕೋಟಿ ವರ್ಷಗಳ ಲೆಕ್ಕವೇ ಇಲ್ಲ. ಆ ಕಾಲದ ಕಲ್ಲು ಇಲ್ಲಿ ಉಳಿದಿಲ್ಲ. ಆ ಗೆರೆಯೂ ರಾಷ್ಟ್ರೀಯ ಸ್ಮಾರಕವೇ, ಆದರೆ ಅದಕ್ಕೆ ಬೇಲಿಯಿಲ್ಲ, ನೋಡುವವರೂ ಕಡಿಮೆ. ಕಿಟಕಿಯ ಪಕ್ಕ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯಿರಿ, ಅಲ್ಲಿ ಬಸ್ಸಿಗೇನೂ ಬರವಿಲ್ಲ.