ಬಯಲಾಟದ ಬೆಳಕಿಗೆ ಮೊದಲ ಡಿಎಸ್‌ಎಲ್‌ಆರ್

ಯಕ್ಷಗಾನದ ಫೋಟೊ ತೆಗೆಯಬೇಕು, ಯಾವ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಕೊಳ್ಳಲಿ ಎಂದು ಕೇಳಿಕೊಂಡು ದೀಪಾವಳಿಯ ಆಸುಪಾಸಿನಲ್ಲಿ, ಅಂದರೆ ಮೇಳಗಳು ತಿರುಗಾಟಕ್ಕೆ ಸಿದ್ಧವಾಗುವ ಹೊತ್ತಿಗೆ, ನನ್ನ ಸ್ಟುಡಿಯೊಗೆ ಬರುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ಕ್ಯಾಮೆರಾದ ಹೆಸರು ಹೇಳುವ ಮೊದಲು ನಾನು ಅವರಿಗೆ ಎರಡು ಪ್ರಶ್ನೆ ಹಾಕುತ್ತೇನೆ: ರಂಗಸ್ಥಳದಿಂದ ಎಷ್ಟು ದೂರದಲ್ಲಿ ಕುಳಿತುಕೊಳ್ಳುತ್ತೀರಿ, ಮತ್ತು ನಿಮ್ಮ ಒಟ್ಟು ಹಣದಲ್ಲಿ ಲೆನ್ಸಿಗೆಂದು ಎಷ್ಟು ತೆಗೆದಿಟ್ಟಿದ್ದೀರಿ? ಎರಡನೆಯ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಲೆನ್ಸ್ ಪೆಟ್ಟಿಗೆಯೊಳಗೇ ಬರುತ್ತದೆ ಎಂದು ಅವರು ತಿಳಿದಿರುತ್ತಾರೆ.

ಪೆಟ್ಟಿಗೆಯೊಳಗೆ ಬರುವುದು 18ರಿಂದ 55 ಮಿ.ಮೀ.ವರೆಗಿನ (ಈ ಅಂಕಿ ದೊಡ್ಡದಾದಷ್ಟು ದೃಶ್ಯ ಹತ್ತಿರಕ್ಕೆ ಬರುತ್ತದೆ) ಕಿಟ್ ಲೆನ್ಸು. ಹಗಲಿನ ಕೆಲಸಕ್ಕೆ, ಮನೆಯವರ ಚಿತ್ರಕ್ಕೆ, ಪ್ರವಾಸಕ್ಕೆ ಅದು ಒಳ್ಳೆಯ ಲೆನ್ಸೇ; ಅದನ್ನು ಹೀಗಳೆಯುವುದು ಫೋಟೊಗ್ರಾಫರುಗಳ ಒಂದು ಚಾಳಿಯಾಗಿಬಿಟ್ಟಿದೆ. ಆದರೆ ಅದನ್ನು 55 ಮಿ.ಮೀ.ಗೆ ತಿರುಗಿಸಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಬಾಯಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ; ಎಫ್ ಮುಂದಿನ ಅಂಕಿ ಸಣ್ಣದಾದಷ್ಟು ಬಾಯಿ ದೊಡ್ಡದು. 50 ಮಿ.ಮೀ.ನ ಎಫ್/1.8 ಲೆನ್ಸು ಸುಮಾರು ಅದೇ ದೃಶ್ಯವನ್ನು ಅದಕ್ಕಿಂತ ಒಂಬತ್ತೂವರೆ ಪಟ್ಟು ಹೆಚ್ಚು ಬೆಳಕಿನಲ್ಲಿ ಹಿಡಿಯುತ್ತದೆ. ಬಯಲಾಟದಲ್ಲಿ ಇದರ ಪರಿಣಾಮ ಹೀಗೆ: ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಳತೆ) 3200 ಇಟ್ಟುಕೊಂಡು ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 30ನೇ ಒಂದು ಭಾಗದ ಶಟರ್ ವೇಗ (ಬೆಳಕಿಗೆ ಶಟರ್ ತೆರೆದಿರುವ ಅವಧಿ) ಮಾತ್ರ ದಕ್ಕುವ ಬೆಳಕಿನಲ್ಲಿ, ಎಫ್/1.8 ಲೆನ್ಸಿನಿಂದ 250ನೇ ಒಂದು ಭಾಗದ ವೇಗ ನಿರಾಯಾಸವಾಗಿ ಸಿಗುತ್ತದೆ. ದಿಗಿಣ ಹಾಕುತ್ತಿರುವ, ಅಂದರೆ ಸುತ್ತುತ್ತ ಜಿಗಿಯುತ್ತಿರುವ, ವೇಷಧಾರಿ ಮೊದಲನೆಯದರಲ್ಲಿ ಬಣ್ಣದ ಗೀಚಾಗಿ ಕಾಣುತ್ತಾನೆ. ಎರಡನೆಯದರಲ್ಲಿ ಅವನ ಗೆಜ್ಜೆಯನ್ನೂ ಎಣಿಸಬಹುದು. ಕಿಟ್ ಲೆನ್ಸಿನಲ್ಲಿರುವ ಕಂಪನ ತಡೆಯುವ ಸೌಲಭ್ಯ ಇಲ್ಲಿ ನೆರವಿಗೆ ಬರುವುದಿಲ್ಲ, ಅದು ನಿಲ್ಲಿಸುವುದು ನಮ್ಮ ಕೈಯ ನಡುಕವನ್ನೇ ಹೊರತು ಕಲಾವಿದನ ಕುಣಿತವನ್ನಲ್ಲ. ಒಬ್ಬ ಕಾಲೇಜು ಹುಡುಗ ಎರಡು ಜೂಮ್ ಲೆನ್ಸುಗಳ ಕಿಟ್ ಕೊಂಡು ರಾತ್ರಿಯಿಡೀ ದೇವಿಮಹಾತ್ಮೆ ತೆಗೆದು, ಬೆಳಿಗ್ಗೆ ನೇರವಾಗಿ ನನ್ನಲ್ಲಿಗೆ ಬಂದು ಕ್ಯಾಮೆರಾ ಹಾಳಾಗಿದೆ ಎಂದ. ಕ್ಯಾಮೆರಾ ಸರಿಯಾಗಿಯೇ ಇತ್ತು. ಅದೇ ಕ್ಯಾಮೆರಾಕ್ಕೆ ನನ್ನ ಹಳೆಯ 50 ಮಿ.ಮೀ. ಲೆನ್ಸ್ ಹಾಕಿ ಮರುದಿನದ ಆಟಕ್ಕೆ ಕಳುಹಿಸಿದೆ. ಆಮೇಲೆ ಅವನು ಅದನ್ನು ಹಿಂದಿರುಗಿಸಲು ಎರಡು ತಿಂಗಳು ತೆಗೆದುಕೊಂಡ.

ಹಾಗಾದರೆ ಬಾಡಿಯಲ್ಲಿ, ಅಂದರೆ ಲೆನ್ಸಿಲ್ಲದ ಬರಿಯ ಕ್ಯಾಮೆರಾದಲ್ಲಿ, ನೋಡಬೇಕಾದದ್ದೇನು? ಕ್ಯಾನನ್ ಕಂಪನಿಯು 2003ರಲ್ಲಿ 6.3 ಮೆಗಾಪಿಕ್ಸೆಲ್‌ನ ಇಒಎಸ್ 300ಡಿ ತಂದಾಗ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ ಎಂಬುದೇ ಹೊಸ ಸುದ್ದಿಯಾಗಿತ್ತು. 2018ರಲ್ಲಿ ಬಂದ ಕ್ಯಾನನ್ 1500ಡಿ ಮತ್ತು ನಿಕಾನ್ ಡಿ3500, ಎರಡರಲ್ಲಿಯೂ 24 ಮೆಗಾಪಿಕ್ಸೆಲ್ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಫಲಕ) ಇದೆ, ಮತ್ತು ಗೋಡೆಗೆ ಹಾಕುವಷ್ಟು ದೊಡ್ಡ ಮುದ್ರಣಕ್ಕೂ ಅದು ಸಾಕು. ಆರಂಭಿಕರ ಕ್ಯಾಮೆರಾಗಳಲ್ಲಿ ಕಂಪನಿಗಳು ಹಣ ಉಳಿಸುವುದು ಚಿತ್ರದ ಗುಣಮಟ್ಟದಲ್ಲಿ ಅಲ್ಲ, ಬಳಕೆಯ ಅನುಕೂಲಗಳಲ್ಲಿ. ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಗಾಜಿನ ಪಟ್ಟಕದ ಬದಲು ಕನ್ನಡಿಗಳಿರುತ್ತವೆ, ಆದ್ದರಿಂದ ದೃಶ್ಯ ತುಸು ಮಬ್ಬಾಗಿ, ಸಣ್ಣದಾಗಿ ಕಾಣುತ್ತದೆ. ಅಲ್ಲಿ ಕಾಣುವುದು ಚೌಕಟ್ಟಿನ ಶೇ. 95ರಷ್ಟು ಮಾತ್ರವಾದ್ದರಿಂದ, ಕಣ್ಣಿಗೆ ಬೀಳದ ಮೈಕಿನ ಕಂಬವೊಂದು ಚಿತ್ರದ ಅಂಚಿನಲ್ಲಿ ಬಂದು ಕೂತಿರುತ್ತದೆ. ಫೋಕಸ್ ಬಿಂದುಗಳು ಕ್ಯಾನನ್‌ನಲ್ಲಿ 9, ನಿಕಾನ್‌ನಲ್ಲಿ 11. ಎರಡರಲ್ಲೂ ಕಡಿಮೆ ಬೆಳಕಿನಲ್ಲಿ ನಂಬಬಹುದಾದದ್ದು ನಡುವಿನ ಒಂದೇ ಬಿಂದು. ಇವೆಲ್ಲ ಸಹಿಸಿಕೊಳ್ಳಬಹುದಾದ ಕೊರತೆಗಳು. ಇನ್ನೂ ಅಗ್ಗವಾದ, 18 ಮೆಗಾಪಿಕ್ಸೆಲ್‌ನ ಕ್ಯಾನನ್ 3000ಡಿ ಮಾದರಿಯಲ್ಲಿ ಲೆನ್ಸ್ ಕೂರುವ ಬಳೆಯೇ ಪ್ಲಾಸ್ಟಿಕ್ಕಿನದು. ಲೆನ್ಸನ್ನು ಆಗಾಗ ಬದಲಿಸುವವರಿಗೆ ನಾನು ಅದನ್ನು ಕೊಳ್ಳಲು ಹೇಳುವುದಿಲ್ಲ.

ನಿಕಾನ್ ಕೊಳ್ಳುವವರು ಮರೆಯಬಾರದ ಒಂದು ವಿಷಯವಿದೆ. ಡಿ3500, ಡಿ5600ರಂಥ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ 50 ಮಿ.ಮೀ. ಎಫ್/1.8 ಡಿ ಲೆನ್ಸು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದು ಕೂರುತ್ತದೆ, ಚಿತ್ರವನ್ನೂ ತೆಗೆಯುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಹೆಸರಿನಲ್ಲಿ ಎಎಫ್-ಎಸ್ ಎಂದಿರುವ ಲೆನ್ಸನ್ನೇ ಕೇಳಿ ಪಡೆಯಬೇಕು. ಈ ಸೆನ್ಸರಿಗೆಂದೇ ಮಾಡಿದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8 ಅದರಲ್ಲಿ ಒಳ್ಳೆಯದು. ಕ್ಯಾನನ್‌ನಲ್ಲಿ ಈ ತೊಡಕಿಲ್ಲ, 50 ಮಿ.ಮೀ. ಎಫ್/1.8 ಎಸ್‌ಟಿಎಂ ಎಲ್ಲ ಬಾಡಿಗಳಿಗೂ ಹೊಂದುತ್ತದೆ. 35 ಬೇಕೋ 50 ಬೇಕೋ ಎಂಬುದನ್ನು ನೀವು ಕೂರುವ ಜಾಗ ನಿರ್ಧರಿಸುತ್ತದೆ. ಐದು ಮೀಟರ್ ದೂರದಿಂದ 50 ಮಿ.ಮೀ. ಲೆನ್ಸಿನ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಚೌಕಟ್ಟಿಗೆ ಸುಮಾರು ಎರಡೂಕಾಲು ಮೀಟರ್ ಎತ್ತರ ಸಿಗುತ್ತದೆ, ಅಂದರೆ ಕಿರೀಟವೂ ಸೇರಿ ಒಂದು ಪೂರ್ಣ ವೇಷ. ಚೌಕಿಯೊಳಗೆ ಬಣ್ಣ ಹಚ್ಚಿಕೊಳ್ಳುವವರ ನಡುವೆ ಕೂತು ತೆಗೆಯುವುದಾದರೆ 35 ಮಿ.ಮೀ. ಲೆನ್ಸೇ ಬೇಕು.

ಕ್ಯಾನನ್ ಮತ್ತು ನಿಕಾನ್ ಎರಡೂ 2018ರಿಂದ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಹೊಸ ಸರಣಿಗೆ ಗಮನ ತಿರುಗಿಸಿವೆ. ಡಿ3500 ಈಗ ತಯಾರಾಗುತ್ತಿಲ್ಲ. ಹಣ ಧಾರಾಳವಾಗಿರುವವರು ಆ ಕಡೆಗೇ ಹೋಗಲಿ. ಕೈ ಬಿಗಿಯಿರುವವರಿಗೆ ಮಾತ್ರ ಇದು ಸುಗ್ಗಿಕಾಲ, ಏಕೆಂದರೆ ಆ ಕಡೆ ಹೋದವರು ಮಾರುತ್ತಿರುವ ಡಿಎಸ್‌ಎಲ್‌ಆರ್‌ಗಳು ಒಳ್ಳೆಯ ಸ್ಥಿತಿಯಲ್ಲಿಯೇ ಸಿಗುತ್ತವೆ, ಮತ್ತು ನಾನು ಮೇಲೆ ಹೇಳಿದ ಎರಡೂ ಲೆನ್ಸುಗಳು ಮುಂದೆ ಅಡಾಪ್ಟರ್ ಮೂಲಕ ಅದೇ ಕಂಪನಿಯ ಮಿರರ್‌ಲೆಸ್ ಬಾಡಿಗೂ ಫೋಕಸ್ ಸಹಿತ ಹೊಂದುತ್ತವೆ.

ಬಳಸಿದ ಕ್ಯಾಮೆರಾವನ್ನು ಹಗಲು ಬೆಳಕಿನಲ್ಲಿ ನೋಡಿಯೇ ಕೊಳ್ಳಬೇಕು. ಲೆನ್ಸನ್ನು ಕಳಚಿ, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿದರೆ ಒಳಗೆ ಬೂಷ್ಟು ಹಿಡಿದಿದ್ದಲ್ಲಿ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಎಷ್ಟೇ ಕಡಿಮೆ ಬೆಲೆ ಹೇಳಿದರೂ ಬಿಟ್ಟುಬಿಡಿ. ಅಪರ್ಚರನ್ನು ಎಫ್/16ಕ್ಕೆ ಇಟ್ಟು ಬರಿಯ ಆಕಾಶದ ಒಂದು ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಬೂದು ಚುಕ್ಕೆಗಳಾಗಿ ತೋರುತ್ತದೆ, ಅದನ್ನು ಸ್ವಚ್ಛ ಮಾಡಿಸಬಹುದು. ನಿಕಾನ್‌ನಲ್ಲಾದರೆ ಇದುವರೆಗೆ ಶಟರ್ ಎಷ್ಟು ಬಾರಿ ಬಡಿದಿದೆ ಎಂಬುದು ಚಿತ್ರದ ಕಡತದಲ್ಲಿಯೇ ದಾಖಲಾಗಿರುತ್ತದೆ. ಡಿ3500ರ ಶಟರನ್ನು ಒಂದು ಲಕ್ಷ ಬಡಿತಗಳವರೆಗೆ ಪರೀಕ್ಷಿಸಲಾಗಿದೆ. ಮದುವೆ ಫೋಟೊಗ್ರಾಫರುಗಳ ಕೈಯಲ್ಲಿದ್ದ ಬಾಡಿ ಹೊರಗಿನಿಂದ ಎಷ್ಟೇ ಹೊಳೆಯುತ್ತಿದ್ದರೂ ಈ ಲೆಕ್ಕ ನೋಡದೆ ಮುಂಗಡ ಕೊಡಬೇಡಿ. ಇದನ್ನು ಆ ವೃತ್ತಿಯವನಾಗಿಯೇ ಹೇಳುತ್ತಿದ್ದೇನೆ.

ಕ್ಯಾಮೆರಾ ಮನೆಗೆ ಬಂದ ದಿನ ಮೊದಲು ಮುಟ್ಟಬೇಕಾದದ್ದು ವ್ಯೂಫೈಂಡರಿನ ಪಕ್ಕದ ಪುಟ್ಟ ಗಾಲಿಯನ್ನು. ಅದು ನಿಮ್ಮ ಕಣ್ಣಿನ ದೃಷ್ಟಿಗೆ ತಕ್ಕಂತೆ ವ್ಯೂಫೈಂಡರನ್ನು ಹೊಂದಿಸುವ ಸಾಧನ. ಒಳಗಿನ ಅಂಕಿಗಳು ಸ್ಪಷ್ಟವಾಗಿ ಕಾಣುವವರೆಗೆ ಅದನ್ನು ತಿರುಗಿಸಿ. ಫೋಕಸ್ ಸರಿಯಿಲ್ಲ ಎಂದು ರಿಪೇರಿಗೆ ತಂದ ಹಲವು ಕ್ಯಾಮೆರಾಗಳನ್ನು ನಾನು ಈ ಗಾಲಿಯೊಂದನ್ನೇ ತಿರುಗಿಸಿ ವಾಪಸು ಕೊಟ್ಟಿದ್ದೇನೆ, ಮತ್ತು ಅದಕ್ಕೆ ಹಣ ತೆಗೆದುಕೊಳ್ಳಲು ಸಂಕೋಚಪಟ್ಟಿದ್ದೇನೆ.

ಆರಂಭಿಕರು ಮ್ಯಾನ್ಯುಯಲ್ ಮೋಡ್‌ಗೆ, ಅಂದರೆ ಎಲ್ಲವನ್ನೂ ನಾವೇ ಹೊಂದಿಸುವ ಕ್ರಮಕ್ಕೆ, ಹೆದರುತ್ತಾರೆ. ಬಯಲಾಟದಲ್ಲಿ ಮಾತ್ರ ಅದೇ ಸುಲಭದ ದಾರಿ. ಕ್ಯಾಮೆರಾದ ಬೆಳಕಿನ ಮಾಪಕವು ತಾನು ನೋಡಿದ್ದೆಲ್ಲವನ್ನೂ ನಡುಮಟ್ಟದ ಬೂದುಬಣ್ಣಕ್ಕೆ ತರಲು ಯತ್ನಿಸುತ್ತದೆ. ಹಿಂದೆ ಕತ್ತಲ ಬಯಲಿದ್ದರೆ ಅದು ಚಿತ್ರವನ್ನು ಅನಗತ್ಯವಾಗಿ ಬೆಳಗಿಸಿ, ವೇಷದ ಮುಖವರ್ಣಿಕೆಯನ್ನು ಬಿಳಿಚಿಸಿಬಿಡುತ್ತದೆ. ರಂಗಸ್ಥಳದ ದೀಪಗಳು ರಾತ್ರಿಯಿಡೀ ಹೆಚ್ಚೂಕಡಿಮೆ ಒಂದೇ ಸಮನಾಗಿರುವುದರಿಂದ, ಪೂರ್ವರಂಗ ನಡೆಯುತ್ತಿರುವಾಗಲೇ ನಾಲ್ಕಾರು ಚಿತ್ರ ತೆಗೆದು ನೋಡಿ, ಎಫ್/2.2, 250ನೇ ಒಂದು ಭಾಗ, ಐಎಸ್‌ಒ 3200ರ ಆಸುಪಾಸಿನಲ್ಲಿ ಹೊಂದಿಸಿಕೊಂಡರೆ ಬೆಳಗಿನವರೆಗೆ ಅದನ್ನು ಮುಟ್ಟಬೇಕಾಗಿಲ್ಲ. ಅಪರ್ಚರಿನ ಬಾಯಿಯನ್ನು ಪೂರ್ತಿ ತೆರೆಯಬೇಡಿ ಎನ್ನಲು ಕಾರಣವಿದೆ: ಮೂರು ಮೀಟರ್ ದೂರದಲ್ಲಿ 50 ಮಿ.ಮೀ. ಲೆನ್ಸು ಎಫ್/1.8ರಲ್ಲಿ ಸುಮಾರು 25 ಸೆಂ.ಮೀ. ಆಳವನ್ನಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ, ಮುಂದೆ ಚಾಚಿದ ಕೈಯ ಮೇಲೆ ಫೋಕಸ್ ಬಿದ್ದರೆ ಕಣ್ಣು ಮಂಕಾಗುತ್ತದೆ. ನಡುವಿನ ಬಿಂದುವನ್ನು ಕಣ್ಣಿನ ಮೇಲಿಟ್ಟು, ಶಟರ್ ಗುಂಡಿಯನ್ನು ಅರ್ಧ ಒತ್ತಿ ಫೋಕಸ್ ಹಿಡಿದು, ಆಮೇಲೆ ಚೌಕಟ್ಟನ್ನು ಸರಿಪಡಿಸಿಕೊಳ್ಳಿ.

ಎಲ್‌ಇಡಿ ದೀಪಗಳು ಬಂದ ಮೇಲೆ ಹೊಸದೊಂದು ಕಾಟ ಸೇರಿಕೊಂಡಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಕಳಪೆ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ತಿಳಿಯದ ಆ ಮಿನುಗು ವೇಗದ ಶಟರಿನಲ್ಲಿ ಅಡ್ಡ ಪಟ್ಟಿಗಳಾಗಿ ಇಲ್ಲವೇ ಚಿತ್ರದಿಂದ ಚಿತ್ರಕ್ಕೆ ಬದಲಾಗುವ ಬೆಳಕಾಗಿ ಕಾಣಿಸುತ್ತದೆ. ಹಾಗಾದಾಗ ವೇಗವನ್ನು 100ನೇ ಒಂದು ಭಾಗಕ್ಕೆ ಇಳಿಸಬೇಕು. ಆ ವೇಗದಲ್ಲಿ ಕುಣಿತ ನಿಲ್ಲುವುದಿಲ್ಲ ನಿಜ, ಆದರೆ ಅರ್ಥಗಾರಿಕೆಯ ನಡುವೆ, ಪದ್ಯ ಮುಗಿದು ಚಂಡೆ ಸುಮ್ಮನಾದ ಗಳಿಗೆಯಲ್ಲಿ, ವೇಷ ನಿಂತೇ ಇರುತ್ತದೆ. ಪ್ರಸಂಗ ಗೊತ್ತಿದ್ದವನಿಗೆ ಆ ಗಳಿಗೆ ಮೊದಲೇ ತಿಳಿದಿರುತ್ತದೆ. ಕ್ಯಾಮೆರಾದ ನೆತ್ತಿಯಿಂದ ಏಳುವ ಫ್ಲ್ಯಾಷನ್ನು ಮಾತ್ರ ಬಳಸಬೇಡಿ. ಅದರ ಬೆಳಕು ಕೆಲವೇ ಮೀಟರ್ ಹೋಗುತ್ತದೆ, ವೇಷದ ಮಿರುಗನ್ನೆಲ್ಲ ಚಪ್ಪಟೆ ಮಾಡುತ್ತದೆ, ಕಲಾವಿದರ ಕಣ್ಣಿಗೂ ಕುತ್ತು.

ಚಿತ್ರಗಳನ್ನು ರಾ ಕಡತವಾಗಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ, ಉಳಿಸಿದರೆ ಹಳದಿ ದೀಪದ ಛಾಯೆಯನ್ನು ಮನೆಯಲ್ಲಿ ಕೂತು ಸರಿಪಡಿಸಬಹುದು. ಕಾರ್ಡಿನಲ್ಲಿ ಜಾಗ ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಕ್ಯಾಮೆರಾಗಳಿಗೆ ಕೆಟ್ಟ ಕಾಲ ಶುರುವಾಗುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟ ಲೆನ್ಸಿಗೆ ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮಾಪಕ ಇಷ್ಟಿದ್ದರೆ ಸಾಕು. ಮಾಪಕದ ಮುಳ್ಳು ಶೇ. 40ರಿಂದ 50ರ ನಡುವೆ ಇರಬೇಕು. ಚಪ್ಪಲಿ ಪೆಟ್ಟಿಗೆಯಲ್ಲಿ ಬಂದ ಹಳೆಯ ಪುಡಿಕೆಗಳನ್ನು ಹಾಕಿ ನಿಶ್ಚಿಂತರಾಗಬೇಡಿ, ಅವು ಅಂಗಡಿಯಲ್ಲೇ ತೇವ ಕುಡಿದು ಮುಗಿಸಿರುತ್ತವೆ. ಸಿಲಿಕಾ ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಪುನಃ ಬಳಸಬಹುದು; ಆ ಬಾಣಲೆಯನ್ನು ಮತ್ತೆ ಅಡುಗೆಗೆ ಹಚ್ಚಬಾರದು. ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರತೆಗೆದು, ಕಿಟಕಿಯ ಹತ್ತಿರ ಇಟ್ಟು, ಮಳೆಯದೋ ಮನೆಯ ಬೆಕ್ಕಿನದೋ ಹತ್ತು ಚಿತ್ರ ತೆಗೆದು ಒಳಗಿಡಿ.