‘ಮೂಲ ಹಸ್ತಪ್ರತಿ’ ಅನ್ನುವ ಮುಂಚೆ ಸ್ವಲ್ಪ ನಿಲ್ಲಿ

ಅರ್ಮೇನಿಯಾದ ರಾಜಧಾನಿ ಯೆರೆವಾನ್‌ಗೆ ಹೋಗಿ ಬರುವ ನಮ್ಮವರು ಈಗ ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಆದರೆ ಅಲ್ಲಿನ ಮತೆನದರಾನ್ ಅನ್ನುವ ಹಳೆಯ ಹಸ್ತಪ್ರತಿಗಳ ಭಂಡಾರದ ಮುಂದೆ ನಿಂತು ತೆಗೆಸಿಕೊಂಡ ಫೋಟೋದ ಕೆಳಗೆ ಒಂದೇ ಸಾಲು ಮತ್ತೆ ಮತ್ತೆ ಕಾಣುತ್ತದೆ: ‘1600 ವರ್ಷ ಹಳೆಯ ಮೂಲ ಹಸ್ತಪ್ರತಿಗಳ ಮ್ಯೂಸಿಯಂ.’ ಮೊನ್ನೆ ಇನ್ನೊಬ್ಬರು ಇದನ್ನೇ ಬರೆದು, ಸಾಲದು ಅಂತ ‘ಅರ್ಮೇನಿಯಾದ ತಾಳೆಗರಿಗಳು’ ಅಂತಲೂ ಸೇರಿಸಿದ್ದರು. ತಾಳೆಗರಿ ವಿಷಯ ಇಲ್ಲೇ ಮುಗಿಸಿಬಿಡೋಣ. ಚಳಿಗಾಲದಲ್ಲಿ ಹಿಮ ಬೀಳುವ ಬೆಟ್ಟದ ನಾಡು ಅದು, ತಾಳೆಮರ ಎಲ್ಲಿಂದ ಬರಬೇಕು? ಅವರು ಬರೆದದ್ದು ಕರು, ಕುರಿ, ಆಡಿನ ಚರ್ಮವನ್ನು ಕೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸಿದ ಹಾಳೆಯ ಮೇಲೆ. ಆಮೇಲೆ ಕಾಗದ ಬಂತು. ಕಾಗದದ ಮೇಲೆ ಬರೆದ ಅರ್ಮೇನಿಯನ್ ಹಸ್ತಪ್ರತಿಗಳಲ್ಲಿ ಉಳಿದಿರುವ ಅತಿ ಹಳೆಯದು 981ನೇ ಇಸವಿಯದು, ಅದೂ ಮತೆನದರಾನ್‌ನಲ್ಲೇ ಇದೆ.

ನನ್ನ ತಕರಾರು ಇರುವುದು ‘ಮೂಲ’ದ ಮೇಲೆ.

ಹಸ್ತಪ್ರತಿ ಅನ್ನುವ ಪದವನ್ನೇ ಬಿಡಿಸಿ ನೋಡಿ. ಹಸ್ತ ಸರಿ. ಪ್ರತಿ? ಪುಸ್ತಕ ಸಾವಿರ ಪ್ರತಿ ಅಚ್ಚಾಯಿತು ಅನ್ನುತ್ತೇವೆ. ಅರ್ಜಿ ಜೊತೆ ಆಧಾರ್ ಕಾರ್ಡಿನ ಒಂದು ಪ್ರತಿ ಲಗತ್ತಿಸಿ ಅನ್ನುತ್ತಾರೆ. ಪ್ರತಿಬಿಂಬ, ಪ್ರತಿಧ್ವನಿ, ಪ್ರತಿಮೆ, ಇವುಗಳಲ್ಲೂ ಅಷ್ಟೇ: ‘ಪ್ರತಿ’ ಇದೆ ಅಂದಮೇಲೆ ಎದುರಿಗೆ ಇನ್ನೊಂದು ಇರಲೇಬೇಕು. ಬಿಂಬ ಇಲ್ಲದೆ ಪ್ರತಿಬಿಂಬ ಇಲ್ಲ. ಹಾಗಾಗಿ ಹಸ್ತಪ್ರತಿ ಅಂದರೆ ಇನ್ನೊಂದನ್ನು ಎದುರಿಗೆ ಇಟ್ಟುಕೊಂಡು ಕೈಯಲ್ಲಿ ಬರೆದುಕೊಂಡ ನಕಲು. ಗ್ರಂಥ ಬರೆದವನೇ ಕೈಯಾರೆ ಬರೆದ ಹಾಳೆಗಳು ಎಲ್ಲೋ ಕೆಲವು ಸಿಗುತ್ತವೆ, ಇಲ್ಲ ಅನ್ನುವುದಿಲ್ಲ. ಅದಕ್ಕೆ ‘ಸ್ವಹಸ್ತ’ ಅನ್ನುವ ಬೇರೆ ಪದ ಇದೆ. ಉಳಿದವಕ್ಕೆಲ್ಲ ‘ಮೂಲ ಹಸ್ತಪ್ರತಿ’ ಅಂದರೆ ‘ಮೂಲ ನಕಲು’ ಅಂದ ಹಾಗಾಯಿತು, ಅಲ್ವಾ?

ಈ ಗೊಂದಲ ಎಲ್ಲಿಂದ ಬಂತು ಅನ್ನುವುದೂ ನನಗೆ ಗೊತ್ತು ಅಂದುಕೊಂಡಿದ್ದೇನೆ. ಕಥಾಸ್ಪರ್ಧೆಗೆ, ಪುಸ್ತಕ ಬಹುಮಾನಕ್ಕೆ ‘ಹಸ್ತಪ್ರತಿ ಆಹ್ವಾನ’ ಅಂತ ಪ್ರಕಟಣೆ ಕೊಡುತ್ತಾರೆ. ಅಲ್ಲಿ ಹಸ್ತಪ್ರತಿ ಅಂದರೆ ಲೇಖಕ ಕಳಿಸುವ, ಇನ್ನೂ ಅಚ್ಚಾಗದ ಬರಹ. ಕಳಿಸುವುದು ನುಡಿಯಲ್ಲಿ ಟೈಪ್ ಮಾಡಿದ ಫೈಲು, ಕೈಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಹೆಸರು ಹಸ್ತಪ್ರತಿ. ಅದರಿಂದ ನಮ್ಮ ತಲೆಯಲ್ಲಿ ‘ಹಸ್ತಪ್ರತಿ = ಲೇಖಕನದೇ ಬರವಣಿಗೆ’ ಅಂತ ಕೂತುಬಿಟ್ಟಿದೆ. ಈ ತಲೆ ಹೊತ್ತುಕೊಂಡು ಮತೆನದರಾನ್ ಒಳಗೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ಕಂಡದ್ದೆಲ್ಲ ಐದನೇ ಶತಮಾನದವರ ಕೈಬರಹವಾಗಿ ಕಾಣುತ್ತದೆ.

ಅರ್ಮೇನಿಯನ್‌ನಲ್ಲಿ ಹಸ್ತಪ್ರತಿಗೆ ‘ದ್ಜೆರಾಗಿರ್’ ಅನ್ನುತ್ತಾರೆ. ದ್ಜೆರ್ ಅಂದರೆ ಕೈ, ಗಿರ್ ಅಂದರೆ ಬರಹ. ತಮಾಷೆಯೆಂದರೆ ಅವರ ದ್ಜೆರ್ ಮತ್ತು ನಮಗೆ ಸಂಸ್ಕೃತದಿಂದ ಬಂದ ಹಸ್ತ, ಎರಡನ್ನೂ ಭಾಷಾಶಾಸ್ತ್ರದವರು ಒಂದೇ ಹಳೆಯ ಬೇರಿಗೆ ಕಟ್ಟುತ್ತಾರೆ. ಅವರ ಪದದಲ್ಲಿ ‘ನಕಲು’ ಅನ್ನುವ ಸುಳಿವಿಲ್ಲ, ನಮ್ಮದರಲ್ಲಿ ಇದೆ. ಅಂದರೆ ಈ ವಿಷಯದಲ್ಲಿ ತಪ್ಪು ಮಾಡುವುದಕ್ಕೆ ನಮಗೆ ಅವರಿಗಿಂತ ಕಡಿಮೆ ನೆಪ ಇದೆ. ಯಾವುದನ್ನು ನೋಡಿ ಬರೆದರೋ ಅದನ್ನು ಅವರು ‘ಓರಿನಾಕ್’ ಅನ್ನುತ್ತಾರೆ. ‘ಒಳ್ಳೆಯ ಓರಿನಾಕ್ ನೋಡಿ ಬರೆದಿದ್ದೇನೆ’ ಅಂತ ಹೇಳಿಕೊಳ್ಳುವುದು ಅಲ್ಲಿನ ಲಿಪಿಕಾರರಿಗೆ ಹೆಮ್ಮೆಯ ಮಾತು.

ಇನ್ನು ಆ 1600. ಮೆಸ್ರೊಪ್ ಮಶ್ತೋತ್ಸ್ ಅರ್ಮೇನಿಯನ್ ಲಿಪಿ ಮಾಡಿದ್ದು 405ರಲ್ಲಿ. 36 ಅಕ್ಷರ, ಆಮೇಲೆ ಎರಡು ಸೇರಿದವು. ಹಾಗಾಗಿ 1600 ವರ್ಷ ಅನ್ನುವುದು ಲಿಪಿಯ ವಯಸ್ಸು. ಮತೆನದರಾನ್ ಎದುರಿಗೆ ಮಶ್ತೋತ್ಸ್‌ನ ದೊಡ್ಡ ವಿಗ್ರಹ ಇದೆ, ಪಕ್ಕದಲ್ಲಿ ಅವನ ಶಿಷ್ಯ ಕೊರ್ಯೂನ್. ಸಂಸ್ಥೆಗೂ ಅವನದೇ ಹೆಸರು. ಆದರೆ ಅವನ ಕೈಬರಹದ ಒಂದು ಸಾಲೂ ಉಳಿದಿಲ್ಲ. ಗುರುವಿನ ಜೀವನಚರಿತ್ರೆ ಬರೆದ ಕೊರ್ಯೂನ್‌ನದೂ ಇಲ್ಲ. ನಮ್ಮ ಕೈಗೆ ಸಿಕ್ಕಿರುವ ಅವನ ಪುಸ್ತಕದ ಪ್ರತಿಗಳೆಲ್ಲ ನೂರಾರು ವರ್ಷ ಆಮೇಲಿನವು. ಅಲ್ಲೇ ಕಲ್ಲಿನಲ್ಲಿ ನಿಂತಿರುವ ಮೊವ್ಸೆಸ್ ಖೊರೆನಾತ್ಸಿಯ ಇತಿಹಾಸದ ಕಥೆಯೂ ಇದೇ. ಐದನೇ ಶತಮಾನದಲ್ಲಿ ಬರೆದ ಗ್ರಂಥ ಒಂದು, ಅದನ್ನು ಹೊತ್ತು ತಂದ ಹಸ್ತಪ್ರತಿ ಇನ್ನೊಂದು. ನಮ್ಮಲ್ಲೂ ಹಾಗೇ ತಾನೇ, ಕವಿರಾಜಮಾರ್ಗ ಒಂಬತ್ತನೇ ಶತಮಾನದ್ದು ಅಂದಮಾತ್ರಕ್ಕೆ ಅದರ ಓಲೆಗಳೂ ಆ ಕಾಲದವು ಅಂತ ಯಾರೂ ವಾದಿಸುವುದಿಲ್ಲ. ಬೇರೆಯವರ ಊರಿಗೆ ಹೋದಾಗ ಮಾತ್ರ ಈ ವಿವೇಕ ಎಲ್ಲಿ ಹೋಗುತ್ತದೋ.

ಮತೆನದರಾನ್‌ನಲ್ಲಿ ಇಸವಿ ಖಚಿತವಾಗಿ ಗೊತ್ತಿರುವ ಹಸ್ತಪ್ರತಿಗಳಲ್ಲಿ ಎಲ್ಲಕ್ಕಿಂತ ಹಳೆಯದು 887ರ ಲಾಜರೆವ್ ಸುವಾರ್ತೆ (ಸುವಾರ್ತೆ ಅಂದರೆ ಯೇಸುವಿನ ಕಥೆ ಹೇಳುವ ಬೈಬಲ್ ಭಾಗ). ಮಾಸ್ಕೋದ ಲಾಜರೆವ್ ಸಂಸ್ಥೆಯಿಂದ ಬಂದದ್ದರಿಂದ ಆ ಹೆಸರು. ಅದಕ್ಕಿಂತ ಹಳೆಯ ಹಾಳೆಗಳೂ ಅಲ್ಲಿವೆ, ಹೆಚ್ಚಿನವು ತುಂಡುಗಳು. ಅವು ಉಳಿದ ರೀತಿಯೇ ಚೆಂದ. ಹಳೆಯ ಗುಡಿಯ ಕಲ್ಲು ತಂದು ಹೊಸ ಗುಡಿಯ ಗೋಡೆಗೆ ಇಟ್ಟ ಹಾಗೆ, ಹೊಸ ಪುಸ್ತಕ ಕಟ್ಟುವಾಗ ರಟ್ಟು ಒಳಗಿನ ಹಾಳೆಗೆ ಉಜ್ಜದಿರಲಿ ಅಂತ ಯಾವುದೋ ಹಳೆಯ, ಹರಿದ ಪುಸ್ತಕದ ಚರ್ಮದ ಹಾಳೆಯನ್ನು ಮೊದಲಿಗೂ ಕೊನೆಗೂ ಸೇರಿಸಿ ಹೊಲಿಯುತ್ತಿದ್ದರು. ಈ ಕಾವಲು ಹಾಳೆಗಳು ಒಳಗಿನ ಪುಸ್ತಕಕ್ಕಿಂತ ನಾನೂರು ಐನೂರು ವರ್ಷ ಹಿರಿಯವಾಗಿರಬಹುದು.

ಎಚ್ಮಿಯಾಜಿನ್ ಸುವಾರ್ತೆಯನ್ನೇ ತೆಗೆದುಕೊಳ್ಳಿ. ‘ಇದು ಎಷ್ಟನೇ ಶತಮಾನದ್ದು?’ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ, ‘ಯಾವ ಭಾಗ?’ ಪಠ್ಯ ಬರೆದದ್ದು 989ರಲ್ಲಿ, ಸ್ಯೂನಿಕ್ ಸೀಮೆಯ ಬ್ಘೆನೋ-ನೊರವಾಂಕ್ ಮಠದಲ್ಲಿ. ಮೇಲಿನ ದಂತದ ಹೊದಿಕೆ ಆರನೇ ಶತಮಾನದ ಬೈಜಾಂಟೈನ್ ಕೆಲಸ. ಕೊನೆಯಲ್ಲಿ ಸೇರಿಸಿ ಕಟ್ಟಿರುವ ನಾಲ್ಕು ಚಿತ್ರಗಳು ಆರನೆಯದರ ಕೊನೆ ಅಥವಾ ಏಳನೆಯದರ ಶುರುವಿನವು. ಒಂದೇ ಸಂಪುಟ, ಮೂರು ವಯಸ್ಸು. ಇದರಲ್ಲಿ ‘ಮೂಲ’ ಯಾವುದು ಅಂತ ಬೆರಳಿಟ್ಟು ತೋರಿಸಿ ನೋಡೋಣ.

ಒಂದು ಹಸ್ತಪ್ರತಿಯ ಹಿಂದೆ ಎಷ್ಟು ಜನ ಇರುತ್ತಿದ್ದರು ನೋಡಿ. ಬರೆಯುವವ ‘ಗ್ರಿಚ್’, ಲೇಖನಿಗೂ ಅದೇ ಪದ. ಚಿತ್ರ ಬಿಡಿಸುವವ ‘ತ್ಸಘ್ಕೋಘ್’, ಅಂದರೆ ಹೂವಾಗಿಸುವವ. ರಟ್ಟು ಕಟ್ಟುವವ ‘ಕಜ್ಮೋಘ್’. ದುಡ್ಡು ಕೊಟ್ಟು ಮಾಡಿಸಿಕೊಂಡವ ‘ಸ್ತತ್ಸೋಘ್’, ಪಡೆದವ. ಗ್ರಂಥಕರ್ತ ಈ ಪಟ್ಟಿಯಲ್ಲೇ ಇಲ್ಲ, ಅವನು ಸತ್ತು ಎಷ್ಟೋ ಶತಮಾನ ಆಗಿರುತ್ತಿತ್ತು.

ಇವರೆಲ್ಲರ ಹೆಸರು ನಮಗೆ ಗೊತ್ತಾಗುವುದು ಇನ್ನೊಂದು ಪದದಿಂದ: ಹಿಶಾತಕರಾನ್. ಹಿಶಾತಕ್ ಅಂದರೆ ನೆನಪು, ಅರಾನ್ ಅಂದರೆ ಜಾಗ. ನೆನಪಿಡುವ ಜಾಗ. ಪುಸ್ತಕ ಮುಗಿದಮೇಲೆ ಲಿಪಿಕಾರ ತನ್ನ ಮಾತಲ್ಲಿ ಬರೆಯುವ ಟಿಪ್ಪಣಿ ಅದು. ಇದನ್ನು ಕನ್ನಡದಲ್ಲಿ ‘ಪುಷ್ಪಿಕೆ’ ಅಂದು ಮುಂದೆ ಹೋಗುವವರಿದ್ದಾರೆ. ನನಗೆ ಅದು ಪೂರಾ ಒಪ್ಪಿಗೆಯಿಲ್ಲ. ನಮ್ಮ ಪುಷ್ಪಿಕೆ ಸಾಮಾನ್ಯವಾಗಿ ‘ಇಂಥವರು ರಚಿಸಿದ ಇಂಥ ಕಾವ್ಯದಲ್ಲಿ ಇಷ್ಟನೇ ಸಂಧಿ ಮುಗಿಯಿತು’ ಅನ್ನುತ್ತದೆ, ಅಂದರೆ ಕವಿಯ ಕಡೆ ಬೆರಳು ತೋರಿಸುತ್ತದೆ. ಹಿಶಾತಕರಾನ್ ನಕಲು ಮಾಡಿದವನ ಕಡೆ ತೋರಿಸುತ್ತದೆ. ಯಾವ ವರ್ಷ, ಯಾವ ಮಠ, ಆಗ ಪೀಠದಲ್ಲಿ ಇದ್ದವರು ಯಾರು, ರಾಜ ಯಾರು, ದುಡ್ಡು ಕೊಟ್ಟವರ ತಂದೆ ತಾಯಿ ಮಕ್ಕಳ ಹೆಸರು, ಆ ವರ್ಷ ಬಂದ ಯುದ್ಧ, ಬರ, ಚಳಿ, ಮಂಜಾಗುತ್ತಿರುವ ಕಣ್ಣು, ಎಲ್ಲವೂ ಅದರಲ್ಲಿ ಬರುತ್ತವೆ. ಕೊನೆಗೆ, ತಪ್ಪಿದ್ದರೆ ಕ್ಷಮಿಸಿ, ನನಗಾಗಿ ಪ್ರಾರ್ಥನೆ ಮಾಡಿ ಅನ್ನುವ ಬೇಡಿಕೆ. ನಮ್ಮ ಕಡೆಯ ಲಿಪಿಕಾರರು ಇದಕ್ಕೆ ಉಲ್ಟಾ: ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’, ಕಂಡ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ನನ್ನ ದೋಷವಲ್ಲ ಅಂತ ಕೈ ತೊಳೆದುಕೊಳ್ಳುತ್ತಾರೆ. ನನಗೆ ಎರಡೂ ಇಷ್ಟವೇ, ಯಾಕೆಂದರೆ ಇಬ್ಬರೂ ‘ನಾನು ನಕಲು ಮಾಡಿದವನು’ ಅಂತ ಬಾಯಿಬಿಟ್ಟು ಹೇಳುತ್ತಿದ್ದಾರೆ. ಅವರೇ ಹೇಳಿದಮೇಲೂ ನಾವು ‘ಮೂಲ’ ಅನ್ನುತ್ತೇವೆ.

ಹಿಶಾತಕರಾನ್‌ನ ಇಸವಿ ಲೆಕ್ಕ ಸ್ವಲ್ಪ ಹೇಳಬೇಕು. ಮಶ್ತೋತ್ಸ್‌ನ 36 ಅಕ್ಷರಗಳು ಸಂಖ್ಯೆಗಳೂ ಹೌದು. ಒಂಬತ್ತೊಂಬತ್ತರ ನಾಲ್ಕು ಸಾಲು: ಬಿಡಿ, ಹತ್ತು, ನೂರು, ಸಾವಿರ. ಅರ್ಮೇನಿಯನ್ ಶಕೆ ಶುರುವಾಗುವುದು 552ರಲ್ಲಿ, ಹಾಗಾಗಿ ನಾವು ಶಾಲಿವಾಹನ ಶಕೆಗೆ 78 ಕೂಡಿಸುವಂತೆ ಅದಕ್ಕೆ 551 ಕೂಡಿಸಬೇಕು. ಉದಾಹರಣೆಗೆ ವೊ, ತ್ಸಾ, ಐಬ್ ಅನ್ನುವ ಮೂರು ಅಕ್ಷರ ಇದ್ದರೆ 600, 50, 1. ಒಟ್ಟು 651. 551 ಕೂಡಿಸಿದರೆ 1202.

ಈ 1202ಕ್ಕೆ ಮುಗಿದ ಒಂದು ಪುಸ್ತಕ ಮತೆನದರಾನ್‌ನಲ್ಲಿದೆ, ಅದನ್ನು ನೋಡದೆ ಬಂದವರಿಲ್ಲ. ಈಗ ಟರ್ಕಿಯಲ್ಲಿರುವ ಮೂಶ್ ಊರಿನ ಪ್ರವಚನ ಸಂಗ್ರಹ, ತೂಕ ಸುಮಾರು 28 ಕಿಲೋ. ಅದರ ಕಥೆ ಗೊತ್ತಾಗುವುದು ಅದರದೇ ಹಿಶಾತಕರಾನ್‌ನಿಂದ: ಮಾಡಿಸಿದವನು ದಾಳಿಯಲ್ಲಿ ಸತ್ತ, ಪುಸ್ತಕ ಪರರ ಪಾಲಾಯಿತು, ಮೂಶ್‌ನ ಮಠದವರು ಜನರಿಂದ ಹಣ ಕೂಡಿಸಿ 4,000 ಬೆಳ್ಳಿ ನಾಣ್ಯ ಕೊಟ್ಟು ಬಿಡಿಸಿಕೊಂಡರು. ಅರ್ಮೇನಿಯನ್ನರು ಇಂಥ ಪುಸ್ತಕವನ್ನು ‘ಕಳುವಾಯಿತು’ ಅನ್ನುವುದಿಲ್ಲ, ಮನುಷ್ಯರನ್ನು ಹೇಳುವ ಹಾಗೆ ‘ಸೆರೆಯಾಯಿತು’ ಅನ್ನುತ್ತಾರೆ. 1915ರಲ್ಲಿ ಒಟ್ಟೊಮನ್ ಟರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ನರಮೇಧದಲ್ಲಿ ಇಬ್ಬರು ಹೆಂಗಸರು ಇದನ್ನು ಎರಡು ಭಾಗ ಮಾಡಿ ಹೊತ್ತು ತಂದರು ಅಂತ ಹೇಳುತ್ತಾರೆ. ಒಂದು ಭಾಗವನ್ನು ದಾರಿಯಲ್ಲಿ ಎರ್ಜುರುಮ್‌ನಲ್ಲಿ ಹೂಳಬೇಕಾಯಿತು, ಆಮೇಲೆ ಅದು ಸಿಕ್ಕಿತು. ಕೆಲವು ಹಾಳೆಗಳು ಇವತ್ತಿಗೂ ವೆನಿಸ್‌ನಲ್ಲಿವೆ.

ತೊರೊಸ್ ರೊಸ್ಲಿನ್ ಅನ್ನುವ ಹದಿಮೂರನೇ ಶತಮಾನದ ಚಿತ್ರಕಾರನ ಬಗ್ಗೆ ನಮಗೆ ಗೊತ್ತಿರುವುದೂ ಹಿಶಾತಕರಾನ್‌ಗಳಿಂದಲೇ. ಅವನ 1268ರ ಮಲಾತಿಯಾ ಸುವಾರ್ತೆ ಮತೆನದರಾನ್‌ನಲ್ಲಿದೆ. 1256ರ ಜೈತುನ್ ಸುವಾರ್ತೆಯೂ ಇದೆ, ಆದರೆ ಅದರಿಂದ ಕಿತ್ತ ಎಂಟು ಪುಟ ಅಮೆರಿಕದ ಗೆಟ್ಟಿ ಮ್ಯೂಸಿಯಂ ಸೇರಿದವು. ಅರ್ಮೇನಿಯನ್ ಚರ್ಚಿನವರು ಕೋರ್ಟಿಗೆ ಹೋದರು, 2015ರಲ್ಲಿ ರಾಜಿಯಾಯಿತು: ಪುಟಗಳು ಚರ್ಚಿನವೇ ಅಂತ ಮ್ಯೂಸಿಯಂ ಒಪ್ಪಿಕೊಂಡಿತು, ಚರ್ಚು ಅವನ್ನು ಮ್ಯೂಸಿಯಂಗೆ ದಾನ ಕೊಟ್ಟಿತು.

ಹಿಶಾತಕರಾನ್ ಇಲ್ಲದಿದ್ದರೆ ಅಕ್ಷರದ ಆಕಾರ ನೋಡಿ ಅಂದಾಜು ಮಾಡಬೇಕು. ಅರ್ಮೇನಿಯಾದ ಅಧ್ಯಕ್ಷರು ಪ್ರಮಾಣವಚನಕ್ಕೆ ಕೈ ಇಡುವ ವೆಹಮೋರ್ ಸುವಾರ್ತೆ ಏಳನೇ ಶತಮಾನದ್ದು ಅನ್ನುವುದು ಹಾಗೆ ಬಂದ ಅಂದಾಜು. ಫಲಕದಲ್ಲಿ ‘ಸುಮಾರು’ ಅಂತ ಇದ್ದರೆ ಆ ‘ಸುಮಾರು’ವನ್ನೂ ನಿಮ್ಮ ಕ್ಯಾಪ್ಷನ್‌ಗೆ ತನ್ನಿ. ಸುಮ್ನೆ ಬಿಡಬೇಡಿ.

‘ಮೂಲ’ ಇಲ್ಲ ಅಂದರೆ ಬೆಲೆ ಕಡಿಮೆ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹಳೆಯ ಕಾಲದ ಚರ್ಚ್ ಇತಿಹಾಸಕಾರ ಯೂಸೆಬಿಯಸ್ ಗ್ರೀಕ್‌ನಲ್ಲಿ ಬರೆದ ಕಾಲಾನುಕ್ರಮ ಗ್ರಂಥದ ಗ್ರೀಕ್ ಪಠ್ಯ ಕಳೆದುಹೋಗಿದೆ, ತುಣುಕುಗಳಷ್ಟೇ ಉಳಿದಿವೆ. ಅಲೆಕ್ಸಾಂಡ್ರಿಯಾದ ಯಹೂದಿ ತತ್ವಜ್ಞಾನಿ ಫಿಲೋನ ಕೆಲವು ಬರಹಗಳದೂ ಇದೇ ಪಾಡು. ಇವು ನಮಗೆ ದಕ್ಕಿದ್ದು ಅರ್ಮೇನಿಯನ್ ಅನುವಾದದಲ್ಲಿ, ಆ ಅನುವಾದದ ನಕಲಿನ ನಕಲಿನಲ್ಲಿ. ಮೂಲ ಹೋಯಿತು, ಪ್ರತಿ ಉಳಿಯಿತು.

ಮ್ಯೂಸಿಯಂ ಅನ್ನುವುದೂ ಅರ್ಧ ಸರಿ. 1959ರಿಂದ ಅದು ಸಂಶೋಧನಾ ಸಂಸ್ಥೆ. ಸಂಗ್ರಹದ ಬೇರು ಅರ್ಮೇನಿಯನ್ ಚರ್ಚಿನ ಮುಖ್ಯ ಪೀಠವಾದ ಎಚ್ಮಿಯಾಜಿನ್ ಮಠದ್ದು. 1915ರಲ್ಲಿ ಸುರಕ್ಷತೆಗೆ ಅಂತ ಮಾಸ್ಕೋಗೆ ಹೋಗಿ, 1922ರಲ್ಲಿ ವಾಪಸ್ ಬಂದು, 1939ರಲ್ಲಿ ಯೆರೆವಾನ್ ಸೇರಿತು. ಮತೆನದರಾನ್ ಅನ್ನುವ ಪದಕ್ಕೆ ನಮ್ಮ ಜೈನ ಮಠಗಳವರು ಹೇಳುವ ‘ಗ್ರಂಥ ಭಂಡಾರ’ ಸರಿಯಾಗಿ ಕೂರುತ್ತದೆ. ಹೊರಗೆ ಕಾಣುವುದು ಭಂಡಾರದ ಸಣ್ಣ ಪಾಲು ಮಾತ್ರ.

ಕೊನೆಯ ತಕರಾರು, ಇದು ನಮ್ಮ ಪಕ್ಕದೂರಿನದು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಹೊರಟದ್ದು 1794ರಲ್ಲಿ, ಮದ್ರಾಸಿನಲ್ಲಿ. ಹರುತ್ಯೂನ್ ಶ್ಮಾವೋನಿಯನ್ ಅನ್ನುವ ಪಾದ್ರಿ ಅದನ್ನು ತನ್ನದೇ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ. ಹದಿನೆಂಟು ಸಂಚಿಕೆ ಬಂದವು. ಅವನ ಸಮಾಧಿ ಚೆನ್ನೈನ ಅರ್ಮೇನಿಯನ್ ಚರ್ಚಿನ ಆವರಣದಲ್ಲಿದೆ. ಇದನ್ನೂ ‘ಮದ್ರಾಸಿನ ಅರ್ಮೇನಿಯನ್ ಹಸ್ತಪ್ರತಿ’ ಅಂತ ಬರೆದದ್ದು ಕಂಡಿದ್ದೇನೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಪತ್ರಿಕೆ ಸ್ವಾಮಿ ಅದು, ಹಸ್ತವೂ ಇಲ್ಲ, ಹಸ್ತಪ್ರತಿಯೂ ಅಲ್ಲ.